ಉಪಚಾರಕ್ಕೆ ಕೊಟ್ಟುಬಿಟ್ಟ ಬೌಲರ್

ನಮ್ಮ ಕ್ರಿಕೆಟ್ ತಂಡದ ಅತಿ ಹಿರಿಯ ಬೌಲರನ್ನು ಕ್ಯಾಪ್ಟನ್ ಆದ ನನ್ನ ಗಂಡ ನಾಟಿಂಗ್‌ಹ್ಯಾಮಿನವರಿಗೆ ಕೊಟ್ಟದ್ದು ಟಿವಿಡೇಲಿನ ದೇವಸ್ಥಾನದಿಂದ ಮನೆಗೆ ಬರುವ ದಾರಿಯಲ್ಲಿ, ಕಾರು ಓಡಿಸುತ್ತ, ಫೋನನ್ನು ಸ್ಪೀಕರಿಗೆ ಹಾಕಿಕೊಂಡು. ಕೊಡಬೇಕೆಂದು ಕೊಟ್ಟದ್ದಲ್ಲ. ನಾನು ಪಕ್ಕದಲ್ಲೇ ಇದ್ದೆ; ತೊಡೆಯ ಮೇಲೆ ಪ್ರಸಾದದ ಪುಳಿಯೋಗರೆಯ ಡಬ್ಬಿ ಇತ್ತು ಎಂದು ನೆನಪು. ಗಂಡನನ್ನು ಕೇಳಿದರೆ ಅದು ಮೊಸರನ್ನ ಎನ್ನುತ್ತಾನೆ. ಒಂದು ಡಬ್ಬಿಯ ವಿಷಯದಲ್ಲೇ ಹೀಗಿರುವಾಗ ಆ ದಿನದ ಮಾತುಗಳನ್ನು ಆಡಿದ ಹಾಗೆಯೇ ಬರೆಯುತ್ತಿದ್ದೇನೆ ಎಂದು ಹೇಳಿಕೊಳ್ಳಲು ನನಗೆ ಧೈರ್ಯವಿಲ್ಲ. ಮಾತಿನ ಧಾಟಿಯನ್ನು ಮಾತ್ರ ಮರೆತಿಲ್ಲ. ಅಂಥ ಮಾತನ್ನು ನಾನು ಬುದ್ಧಿ ಬಂದಾಗಿನಿಂದ ಕೇಳುತ್ತಿದ್ದೇನೆ.

ಇಲ್ಲಿ ಇಂಗ್ಲೆಂಡಿನಲ್ಲಿ ಕನ್ನಡಿಗರು ಬೇಸಿಗೆಯ ಭಾನುವಾರಗಳಲ್ಲಿ ಆಡುವ ಕ್ರಿಕೆಟ್ಟಿಗೆ ಒಂದು ಪುಟ್ಟ ಲೀಗ್ ಇದೆ. ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್, ಲೀಡ್ಸ್, ಮ್ಯಾಂಚೆಸ್ಟರ್, ಇಷ್ಟೇ ತಂಡಗಳು; ನಮ್ಮದು ಬರ್ಮಿಂಗ್‌ಹ್ಯಾಮ್. ಟಿವಿಯಲ್ಲಿ ದೊಡ್ಡ ಲೀಗುಗಳನ್ನು ನೋಡಿ ಯಾರಿಗೋ ಹುಮ್ಮಸ್ಸು ಬಂದು ಒಂದು ನಿಯಮ ತಂದರು: ಸೀಸನ್ನಿನ ಮಧ್ಯೆ ಒಂದು ತಂಡ ತನ್ನ ಒಬ್ಬ ಆಟಗಾರನನ್ನು ಇನ್ನೊಂದು ತಂಡದವನೊಂದಿಗೆ ಅದಲುಬದಲು ಮಾಡಿಕೊಳ್ಳಬಹುದು. ಗಡುವಿನ ಭಾನುವಾರ ಸಂಜೆ ಆರರೊಳಗೆ ಇಬ್ಬರು ಕ್ಯಾಪ್ಟನ್‌ಗಳೂ ಲೀಗಿನ ವಾಟ್ಸಾಪ್ ಗುಂಪಿನಲ್ಲಿ ‘ಒಪ್ಪಿಗೆ’ ಎಂದು ಹಾಕಿದರೆ ಮುಗಿಯಿತು. ಹೋಗುವವನ ಒಪ್ಪಿಗೆಯೂ ಬೇಕೆಂದು ಬರೆಯುವುದು ಯಾರಿಗೂ ಹೊಳೆದಿರಲಿಲ್ಲ.

ಆ ಹಿರಿಯ ಬೌಲರು ಧಾರವಾಡದವರು, ಎಜ್‌ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ, ಅವರ ಹೆಂಡತಿಯನ್ನು ಕಾಕೂ. ಕಾಕಾ ಎಷ್ಟು ನಿಧಾನ ಬೌಲಿಂಗ್ ಮಾಡುತ್ತಾರೆಂದರೆ, ಚೆಂಡು ಮೇಲೇರಿ ಕೆಳಗಿಳಿಯುವಷ್ಟರಲ್ಲಿ ಬ್ಯಾಟ್ ಹಿಡಿದವನು ಮೂರು ಥರದ ಹೊಡೆತ ಯೋಚಿಸಿ ಮೂರನ್ನೂ ಕೈಬಿಟ್ಟಿರುತ್ತಾನೆ. ಆಮೇಲೆ ನಾಲ್ಕನೆಯದೊಂದನ್ನು ಹೊಡೆದು ಔಟಾಗುತ್ತಾನೆ. ಆಸ್ಪತ್ರೆಯಲ್ಲಿ ಮಾಡುವ ಕೆಲಸವನ್ನೇ ಕಾಕಾ ಇಲ್ಲೂ ಮಾಡುತ್ತಾರೆ ಎನ್ನುವ ಜೋಕು ಪ್ರತಿ ಭಾನುವಾರ ಒಮ್ಮೆಯಾದರೂ ಬರುತ್ತದೆ. ಕಾಕಾ ಪ್ರತಿ ಸಲವೂ ಮೊದಲ ಬಾರಿ ಕೇಳಿದವರಂತೆ ನಗುತ್ತಾರೆ.

ಆ ದಿನ ಫೋನ್ ಮಾಡಿದವರು ನಾಟಿಂಗ್‌ಹ್ಯಾಮ್ ತಂಡದ ಕ್ಯಾಪ್ಟನ್. ಅವರೂ ಮೈಸೂರಿನವರು, ನನ್ನ ಗಂಡನೂ ಮೈಸೂರಿನವನು. ಅನಾಹುತ ಆದದ್ದೇ ಅದರಿಂದ.

“ಸರ್, ಮೊನ್ನೆ ನಿಮ್ಮ ಕಾಕಾದು ಏನ್ ಬೌಲಿಂಗ್ ಸರ್! ಅಂಥೋರು ಒಬ್ರು ನಮ್ಮಲ್ಲಿದ್ದಿದ್ರೆ ನಮ್ಮ ಕಥೆನೇ ಬೇರೆ ಆಗ್ತಿತ್ತು.”

“ಅಯ್ಯೋ, ಅದಕ್ಕೇನಂತೆ ಸರ್? ನಿಮ್ಮೋರೇ ಅಂದ್ಕೊಳ್ಳಿ. ಕರ್ಕೊಂಡ್ಹೋಗಿ.”

“ಛೆ ಛೆ, ಎಲ್ಲಾದ್ರೂ ಉಂಟೇ ಸರ್?”

“ನಿಜವಾಗ್ಲೂ ಸರ್. ಸಂಕೋಚ ಪಟ್ಕೋಬೇಡಿ.”

“ನೀವು ಇಷ್ಟು ಹೇಳಿದ್ಮೇಲೆ ಬೇಡ ಅನ್ನೋಕ್ಕಾಗತ್ತಾ? ಆದ್ರೆ ಬರೀ ಕೈಲಿ ತಗೊಳ್ಳೋದು ಹೇಗೆ? ನಮ್ಮ ಕೀಪರ್‌ನ ನೀವು ಇಟ್ಕೊಳ್ಳಿ.”

“ಅದೆಲ್ಲ ಯಾಕೆ ಸರ್...”

“ನೀವು ಬೇಡ ಅಂದ್ರೆ ನಮಗೆ ಬೇಜಾರಾಗತ್ತೆ, ನೋಡಿ.”

ಫೋನು ನಿಂತಿತು. ನನ್ನ ಗಂಡ ಒಂದೇ ರೌಂಡಬೌಟಿಗೆ ಎರಡು ಸುತ್ತು ಹಾಕಿದ. “ಈಗೇನಾಯ್ತು?” ಎಂದ.

“ಕಾಕಾನ ಕೊಟ್ಟೆ,” ಎಂದೆ.

“ನಾನು ಬಾಯಿಮಾತಿಗೆ ಅಂದಿದ್ದು ಕಣೇ.”

“ಅವರೂ ಬಾಯಿಮಾತಿಗೇ ಹೊಗಳಿದ್ದು.”

ಅರಿಶಿನ ಕುಂಕುಮಕ್ಕೆ ಹೋದಾಗ ಕೊಡುವ ರವಿಕೆ ಬಟ್ಟೆ ಹೀಗೆಯೇ ಮನೆಯಿಂದ ಮನೆಗೆ ಸುತ್ತುತ್ತಿರುತ್ತದೆ. ಯಾರಿಗೂ ಅದು ಬೇಕಿಲ್ಲ, ಬೇಡ ಎನ್ನುವ ಬಾಯಿ ಯಾರಿಗೂ ಇಲ್ಲ. ಕಾಕಾ ರವಿಕೆ ಬಟ್ಟೆಯಾಗಿಬಿಟ್ಟರು. ನಾವು ಮನೆ ತಲುಪುವಷ್ಟರಲ್ಲಿ ‘ವಿಶಾಲ ಹೃದಯದ ಬರ್ಮಿಂಗ್‌ಹ್ಯಾಮ್ ಬಂಧುಗಳಿಗೆ’ ಕೃತಜ್ಞತೆ ಸಲ್ಲಿಸುವ ಸಂದೇಶ, ಮೂರು ಕೈಮುಗಿದ ಚಿತ್ರಗಳೊಂದಿಗೆ, ಲೀಗಿನ ಗುಂಪಿನಲ್ಲಿ ಬಂದಿತ್ತು. ಇನ್ನು ಉಳಿದದ್ದು ‘ಒಪ್ಪಿಗೆ’ ಎನ್ನುವ ಮಾತು ಮಾತ್ರ. ಕಾಕಾ ಆ ಸಂದೇಶಕ್ಕೆ ಹೆಬ್ಬೆರಳೆತ್ತಿದ್ದರು.

ಗಡುವಿನ ಭಾನುವಾರ ನಮ್ಮ ಪಂದ್ಯ ನಾಟಿಂಗ್‌ಹ್ಯಾಮಿನವರ ಮೇಲೆಯೇ ಇತ್ತು. ನಮ್ಮಲ್ಲಿ ಆಡುವವರು ಹನ್ನೊಂದು ಜನ. ಬೌಂಡರಿಯ ಆಚೆ ಮಡಚುವ ಕುರ್ಚಿಗಳಲ್ಲಿ ಕೂತು ತಂಡವನ್ನು ನಡೆಸುವವರು ಅದಕ್ಕಿಂತ ಹೆಚ್ಚು. ಅಂದು ಬೆಳಗ್ಗೆಯಿಂದಲೇ ಕುರ್ಚಿಗಳು ಎರಡು ಪಕ್ಷವಾಗಿದ್ದವು. ಕಳಿಸಬೇಕು ಎನ್ನುವವರ ನಾಯಕರು ಮಂಡಿನೋವಿನಿಂದ ಆಟ ಬಿಟ್ಟಿದ್ದ ಮಂಗಳೂರಿನ ಎಂಜಿನಿಯರ್. ಉಳಿಸಿಕೊಳ್ಳಬೇಕು ಎನ್ನುವವರ ಕಡೆ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಹುಡುಗಿ.

“ನೋಡಿ ಮಾರಾಯ್ರೆ, ನಮ್ಮಲ್ಲಿ ಕೀಪರ್ ಅಂತ ಇರುವವನು ಚೆಂಡು ಹಿಡಿಯುವುದಿಲ್ಲ, ಚೆಂಡಿಗೆ ದಾರಿ ಬಿಡುವುದು,” ಎಂದರು ಎಂಜಿನಿಯರ್. “ಒಳ್ಳೆ ಕೀಪರ್ ತಾನಾಗಿ ಬರುವಾಗ ಬೇಡ ಅನ್ನಲಿಕ್ಕೆ ನಮಗೆ ಎಂತ ಮರ್ಲಾ?”

“ಅಂಕಲ್, ಕಾಕಾ ಇಲ್ದಿದ್ರೆ ವಿಕೆಟ್ ಯಾರ್ ತೆಗೀತಾರೆ? ನೀವಾ?”

“ನನ್ನ ಮಂಡಿ ಸರಿ ಇದ್ದಿದ್ರೆ ತೆಗೀತಿದ್ದೆ.”

“ಮಂಡಿ ಸರಿ ಇದ್ದಾಗ್ಲೂ ನೋಡಿದೀನಿ, ಅಂಕಲ್.”

ಕಾಕೂ ಇವರ ಹಿಂದೆಯೇ ಉಪ್ಪಿಟ್ಟಿನ ಪಾತ್ರೆ ಇಳಿಸುತ್ತಿದ್ದರು. ಅವರನ್ನು ಕಂಡಕೂಡಲೇ ಎಂಜಿನಿಯರ್ ಸಾಹೇಬರು ಎದ್ದುನಿಂತು, “ನಾನು ಹೇಳ್ತಾ ಇದ್ದೆ ಅಕ್ಕ, ಕಾಕಾನನ್ನು ಬಿಡಲೇಬಾರ್ದು ಅಂತ,” ಎಂದರು. ಹುಡುಗಿಗೆ ಚಹಾ ನೆತ್ತಿಗೇರಿತು.

ಕಾಕೂ ನನ್ನನ್ನು ಕಾರಿನ ಮರೆಗೆ ಕರೆದರು. ಅವರು ಹೇಳಿದ್ದರಲ್ಲಿ ಎಷ್ಟು ಅವರದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಗೊತ್ತಿಲ್ಲ, ತಿರುಳು ಇಷ್ಟು. “ನಿಮ್ಮ ಕಾಕಾ ವಾರದಿಂದ ಸುಮ್ನ ಆಗ್ಯಾರ. ಕೇಳಿದ್ರ, ‘ನಂದೇನೈತಿ, ಎಲ್ಲಿ ಕಳಸ್ತಾರ ಅಲ್ಲಿ ಹೋಗೋದು’ ಅಂತಾರ. ಆದ್ರ ನಿನ್ನೆ ಬೂಟ್ ಒರಸ್ಕೋತ ಅಂದ್ರು, ಅಲ್ಲಿಗೇನಾರ ಕಳಿಸಿದ್ರ ಆಡೋದ ಬಿಟ್ಟಬಿಡ್ತೀನಿ ಅಂತ. ಆಸ್ಪತ್ರ್ಯಾಗ ಅವ್ರ ಜೋಡಿ ಮಾತಾಡೋ ಮಂದಿ ಅರ್ಧ ನಿಮಿಷಕ್ಕ ನಿದ್ದಿ ಹೋಗ್ತಾರವಾ. ಮಾತಾಡಾಕ ಇರೋದು ಈ ಭಾನುವಾರ ಒಂದ.”

“ಹಾಗಂತ ಅವರೇ ಹೇಳ್ಬಹುದಲ್ಲ ಕಾಕೂ?”

“ಹೆಂಗ ಹೇಳ್ತಾರ? ‘ನನ್ನ ಇಟ್ಕೋರಿ’ ಅಂತ ಬೇಡ್ಕೊಬೇಕೇನು?”

ನಾನು ನನ್ನ ಗಂಡನಿಗೆ ಹೇಳಿದೆ. ಅವನ ಮುಖ ಸಣ್ಣದಾಯಿತು. ಆದರೆ ಕೊಟ್ಟ ಮಾತನ್ನು ಹಿಂದಕ್ಕೆ ತಗೊಂಡರೆ ಅವರಿಗೆ ಬೇಜಾರಾಗುತ್ತದಲ್ಲ, ಎಂದ. ಅವರಿಗೆ ಕಾಕಾ ಬೇಕೇ ಇರಲಿಲ್ಲ ಎಂದೆ. “ಅದು ನನಗೂ ಗೊತ್ತು. ಆದ್ರೆ ನಂಗೆ ಗೊತ್ತು ಅಂತ ಅವರಿಗೆ ತೋರಿಸೋಕ್ಕಾಗತ್ತಾ?” ಎಂದ.

ನಾವು ಮೊದಲು ಬೌಲಿಂಗ್ ಮಾಡಿದೆವು. ಕಾಕಾ ಎಂದಿನಂತೆ ನಮ್ಮ ಕುರ್ಚಿಗಳ ಮುಂದೆ ಫೀಲ್ಡಿಂಗಿಗೆ ನಿಂತರು. ಚೆಂಡು ಕಡಿಮೆ ಬರುವ ಜಾಗವೆಂದು ಅವರನ್ನು ಅಲ್ಲೇ ನಿಲ್ಲಿಸುತ್ತಾರೆ. ಕಾಕೂ ಹಗ್ಗದ ತನಕ ಹೋಗಿ ಪಿಸುಗುಟ್ಟಿದ್ದು ನಮಗೆಲ್ಲ ಕೇಳಿಸಿತು.

“ಏನ್ರೀ, ಇವತ್ತ ಛಲೋ ಹಾಕಬ್ಯಾಡ್ರಿ.”

“ಯಾಕ?”

“ಛಲೋ ಹಾಕಿದ್ರ ಒಯ್ತಾರ.”

ಕಾಕಾ ಹುಲ್ಲು ನೋಡಿದರು. ಆದರೆ ಚೆಂಡು ಕೈಗೆ ಬಂದಾಗ ಅವರು ಪ್ರಾಮಾಣಿಕವಾಗಿ ಕೆಟ್ಟದಾಗಿ ಹಾಕಲು ಪ್ರಯತ್ನಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಮೊದಲ ಎಸೆತ ನೆಲವನ್ನೇ ಮುಟ್ಟದೆ ತೊಡೆಯ ಎತ್ತರಕ್ಕೆ, ಕೈಯಲ್ಲಿ ಕೊಟ್ಟ ಹಾಗೆ ಹೋಯಿತು. ಇಂಥ ಭಾಗ್ಯವನ್ನು ನಂಬದ ಬ್ಯಾಟ್ಸ್‌ಮನ್ ಅದನ್ನು ನೇರವಾಗಿ ನನ್ನ ಗಂಡನ ಕೈಗೆ ಹೊಡೆದ. ನನ್ನ ಗಂಡ ಇಡೀ ಸೀಸನ್ನಿನಲ್ಲಿ ಹಿಡಿದ ಕ್ಯಾಚು ಅದೊಂದೇ ಎಂದು ನನ್ನ ನೆನಪು. ಅವನ ನೆನಪು ಬೇರೆ.

“ನೋಡಿದ್ರಾ ಅಂಕಲ್! ಇವರನ್ನ ಕಳಿಸ್ತೀರಾ?” ಎಂದಳು ಹುಡುಗಿ.

ಮುಂದಿನ ಎಸೆತ ಆರು ಹೋಗಿ ಪಕ್ಕದ ನಾಯಿ ವಾಕಿಂಗ್ ದಾರಿಗೆ ಬಿತ್ತು. “ನೋಡಿದ್ರಾ? ಕಳಿಸುವುದೇ,” ಎಂದರು ಎಂಜಿನಿಯರ್. ಮತ್ತೊಂದು ಎಸೆತ ಎಷ್ಟು ಅಗಲಕ್ಕೆ ಹೋಯಿತೆಂದರೆ, ಅದನ್ನು ಬೆನ್ನಟ್ಟಿದ ಬ್ಯಾಟ್ಸ್‌ಮನ್ ಮರಳಿ ಬರುವುದರೊಳಗೆ, ಚೆಂಡಿಗೆ ದಾರಿ ಬಿಡಲು ಮರೆತ ನಮ್ಮ ಕೀಪರನ ಎದೆಗೆ ಬಡಿದ ಅದೇ ಚೆಂಡು ಹಾರಿ ಹೋಗಿ ಸ್ಟಂಪಿಗೆ ಬಿತ್ತು. ಇನ್ನೂ ಒಂದು ವಿಕೆಟ್. ಕಾಕಾ ತಲೆ ಮೇಲೆ ಕೈ ಹೊತ್ತರು. ತಾನು ವಿಕೆಟ್ ತೆಗೆದದ್ದಕ್ಕೆ ಇಷ್ಟು ದುಃಖಪಟ್ಟ ಬೌಲರನ್ನು ನಾನು ಮತ್ತೆಲ್ಲೂ ನೋಡಿಲ್ಲ. ಎಂಜಿನಿಯರ್ ಸಾಹೇಬರು ಆ ಒಂದು ಓವರಿನಲ್ಲಿ ಪಕ್ಷ ಬದಲಿಸಿ ಮತ್ತೆ ವಾಪಸು ಬಂದರು. ಹುಡುಗಿಯೂ ಒಂದು ಸಲ ಆಚೆ ಹೋಗಿ ಬಂದಳು.

ನಮ್ಮ ಬ್ಯಾಟಿಂಗಿನ ಸರದಿ ಬಂದಾಗ ಇನ್ನೊಂದು ಸೋಜಿಗ. ನಮಗೆ ಬರಬೇಕಾಗಿದ್ದ ಆ ಕೀಪರ್, ಇಡೀ ಲೀಗಿನಲ್ಲಿ ಹೆಸರಾದ ಹುಡುಗ, ಒಂದು ಚೆಂಡನ್ನೂ ಹಿಡಿಯುತ್ತಿಲ್ಲ. ಕೈಗೆ ಬಂದದ್ದನ್ನು ಕೈಯಾರೆ ಹಿಂದಕ್ಕೆ ಕಳಿಸುತ್ತಿದ್ದಾನೆ. ಬೈ ರನ್ನುಗಳು ಹರಿದು ಬಂದವು.

“ಇವನಾ ಒಳ್ಳೆ ಕೀಪರ್?” ಎಂದರು ಎಂಜಿನಿಯರ್. “ಇಂಥವನು ನಮ್ಮಲ್ಲಿ ಆಗಲೇ ಒಬ್ಬ ಇದ್ದಾನಲ್ಲ!”

“ಅಂಕಲ್, ಅವನಿಗೂ ಬರೋಕೆ ಇಷ್ಟ ಇಲ್ಲ ಅಂತ ಕಾಣತ್ತೆ,” ಎಂದಳು ಹುಡುಗಿ.

ಪಂದ್ಯವನ್ನು ನಾವು ಗೆದ್ದೆವೋ ಸೋತೆವೋ ನನಗೆ ನೆನಪಿಲ್ಲ. ಅಂದಿನ ನನ್ನ ದಿನಚರಿ ತೆಗೆದು ನೋಡಿದೆ. ‘ಉಪ್ಪಿಟ್ಟು ಸಾಲಲಿಲ್ಲ’ ಎಂದಿದೆ, ಅಷ್ಟೆ.

ಗಡುವಿಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ಎರಡೂ ಕಡೆಯವರು ಉಪ್ಪಿಟ್ಟಿನ ಮೇಜಿನ ಸುತ್ತ ನಿಂತರು. ಇಬ್ಬರು ಕ್ಯಾಪ್ಟನ್‌ಗಳ ಕೈಯಲ್ಲೂ ಒಂದೊಂದು ತಟ್ಟೆ, ಒಂದೊಂದು ಫೋನು.

“ಹಾಕ್ಬಿಡೋಣ್ವಾ ಸರ್?” ಎಂದರು ಅವರು, ಯಾರೋ ಕೈ ತಿರುಚಿ ಹೇಳಿಸಿದಂತೆ.

“ನೀವು ಮೊದಲು ಸರ್,” ಎಂದ ನನ್ನ ಗಂಡ.

“ಛೆ, ನಿಮ್ಮ ಊರು. ನೀವು ಮೊದಲು.”

“ನೀವು ಅತಿಥಿಗಳು ಸರ್.”

ಇದು ಎಷ್ಟು ಹೊತ್ತು ನಡೆಯುತ್ತಿತ್ತೋ. ಕಾಕೂಗೆ ತಡೆಯಲಾಗಲಿಲ್ಲ. ಸೌಟು ಹಿಡಿದುಕೊಂಡೇ ನಾಟಿಂಗ್‌ಹ್ಯಾಮಿನವರ ಎದುರು ಬಂದು ನಿಂತರು. “ಒಯ್ರಿ ಪಾ, ಸಂತೋಷ. ಆದ್ರ ಒಂದ್ ಮಾತು. ನಮ್ಮವ್ರು ಮೋಟರ್‌ವೇದಾಗ ಗಾಡಿ ಹೊಡಿಯಂಗಿಲ್ಲ. ಪ್ರತಿ ಭಾನುವಾರ ನೀವ ಬಂದು ಕರ್ಕೊಂಡ್ ಹೋಗಿ, ಮತ್ತ ನೀವ ತಂದು ಬಿಡಬೇಕಾಗ್ತೈತಿ.”

ಈ ಹೊಡೆತಕ್ಕೆ ಎಂಥವರೂ ಬೀಳಬೇಕು ಎಂದು ನನಗೆ ಖುಷಿಯಾಯಿತು. ಆ ಮನುಷ್ಯರ ಮುಖದ ಮೇಲೆ ಬರ್ಮಿಂಗ್‌ಹ್ಯಾಮಿನಿಂದ ನಾಟಿಂಗ್‌ಹ್ಯಾಮಿನ ತನಕದ ರಸ್ತೆ ಪೂರ್ತಿ ಕಾಣಿಸಿತು, ರಿಪೇರಿ ಕೆಲಸದ ಕೋನುಗಳ ಸಮೇತ. ಆದರೆ ಬಾಯಿ ಮೈಸೂರಿನದು. “ಅಯ್ಯೋ, ಅದಕ್ಕೇನಮ್ಮ? ನಮ್ಮ ಭಾಗ್ಯ. ಬಂದ್ಬಿಡ್ತೀನಿ,” ಎಂದುಬಿಟ್ಟರು.

ಕಾಕೂ ಸೌಟು ಕೆಳಗಿಳಿಸಿದರು. ನನ್ನ ಗಂಡ ಫೋನಿನಲ್ಲಿ ‘ಒ’ ಒತ್ತಿದ.

“ನಾ ಹೋಗಂಗಿಲ್ಲ.”

ಹೇಳಿದ್ದು ಕಾಕಾ. ತಟ್ಟೆಯಿಂದ ಮುಖ ಎತ್ತದೆ ಹೇಳಿದರು. ಸ್ವಂತ ಕಿವಿಯ ಮೇಲೆ ಅವರಿಗೇ ನಂಬಿಕೆ ಬರಲಿಲ್ಲವೋ ಏನೋ, ಈ ಸಲ ತಲೆ ಎತ್ತಿ ಇನ್ನೊಮ್ಮೆ ಹೇಳಿದರು: “ನಂಗ ಇಷ್ಟ ಇಲ್ರೀ. ನಾ ಇಲ್ಲೇ ಆಡ್ತೀನಿ.”

ನಾಟಿಂಗ್‌ಹ್ಯಾಮ್ ಕ್ಯಾಪ್ಟನ್ ನನ್ನ ಗಂಡನನ್ನು ನೋಡಿದರು. ನನ್ನ ಗಂಡ ಅವರನ್ನು ನೋಡಿದ. ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು: ಹಿರಿಯರು ಬಾಯಿಬಿಟ್ಟು ಹೇಳಿದ ಮೇಲೆ ಕೇಳುವುದೂ ಒಂದು ಉಪಚಾರವೇ.

“ಹಿರಿಯರ ಮಾತು ಮೀರೋಕ್ಕಾಗತ್ತಾ ಸರ್!” ಎಂದರು ಅವರು, ಹೊಸ ಜೀವ ಬಂದವರಂತೆ.

“ಎಲ್ಲಾದ್ರೂ ಉಂಟೇ!” ಎಂದ ನನ್ನ ಗಂಡ, ಆ ‘ಒ’ವನ್ನು ಅಳಿಸುತ್ತ.

ಹಿಂದೆಲ್ಲೋ ಆ ಕೀಪರ್ ಹುಡುಗ “ಥ್ಯಾಂಕ್ಯೂ ಕಾಕಾ!” ಎಂದು ಕೂಗಿ, ಎಂಜಿನಿಯರ್ ಸಾಹೇಬರ ಕೈಯಿಂದ ಜಾರಿದ ಚಹಾದ ಲೋಟವನ್ನು ನೆಲಕ್ಕೆ ಬೀಳುವ ಮೊದಲೇ ಒಂದೇ ಕೈಯಲ್ಲಿ ಹಿಡಿದ. ಎಂಜಿನಿಯರ್ ಅವನನ್ನೇ ಬಹಳ ಹೊತ್ತು ನೋಡಿದರು.

ಕಾಕಾ ಅಂದು ಎರಡೇ ಶಬ್ದ ಹೇಳಿದರು ಎನ್ನುವವರಿದ್ದಾರೆ. ದೊಡ್ಡ ಭಾಷಣ ಮಾಡಿದರು ಎನ್ನುವವರೂ ಇದ್ದಾರೆ. ನನ್ನ ಗಂಡನಂತೂ ಈಚೆಗೆ, ತಾನು ಫೋನಿನಲ್ಲೇ ಖಡಾಖಂಡಿತವಾಗಿ ಆಗುವುದಿಲ್ಲ ಎಂದಿದ್ದಾಗಿ ಹೇಳಿಕೊಂಡು ತಿರುಗುತ್ತಿದ್ದಾನೆ. ಹೇಳುವಾಗ ಅವನ ಮುಖ ನೋಡಿದರೆ ನನಗೇ ಅನುಮಾನ ಬರುತ್ತದೆ. ಆದರೆ ಒಂದು ವಿಷಯದಲ್ಲಿ ಎಲ್ಲರೂ ಒಪ್ಪುತ್ತಾರೆ. ಆ ದಿನದ ನಂತರ ಕಾಕಾ ತಮಗೆ ಬೇಕಾದ್ದನ್ನು ಹೇಳುವುದನ್ನು ನಿಲ್ಲಿಸಿಲ್ಲ. ಮುಂದಿನ ವಾರವೇ, ಕುರ್ಚಿಗಳ ಮುಂದೆ ನಿಲ್ಲುವುದಿಲ್ಲ, ಸ್ಲಿಪ್ಪಿನಲ್ಲಿ ನಿಲ್ಲುತ್ತೇನೆ ಎಂದರು. ಅದಾದ ಮೇಲೆ ಕೊನೆಯಲ್ಲಿ ಬ್ಯಾಟ್ ಮಾಡುವುದಿಲ್ಲ, ನಾಲ್ಕನೆಯವನಾಗಿ ಹೋಗುತ್ತೇನೆ ಎಂದರು. ನಾಲ್ಕನೆಯವರಾಗಿ ಹೋಗಿ ಸೊನ್ನೆಗೆ ಔಟಾಗಿ ನಗುತ್ತ ಬಂದರು. ಅರಿವಳಿಕೆಯ ಜೋಕನ್ನು ಯಾರೋ ಶುರುಮಾಡಿದಾಗ, “ಸಾಕ ಮಾಡ್ರಿ, ಹಳೇದಾತು,” ಎಂದರು.

ಕಳೆದ ವಾರ ಕಾಕಾ ಕಾಕೂ ಇಬ್ಬರೂ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಮೊದಲ ತುತ್ತು ನುಂಗಿದ ಕಾಕಾ ಏನೋ ಹೇಳಲು ತಲೆ ಎತ್ತಿದರು. ಕಾಕೂ ಅವರ ಕಾಲು ತುಳಿದದ್ದು ಮೇಜಿನ ಅಲುಗಾಟದಿಂದಲೇ ಗೊತ್ತಾಯಿತು.

“ಸಾರಿಗೆ ಉಪ್ಪು ಕಡಿಮಿ ಐತಿ,” ಎಂದರು ಕಾಕಾ.

ಐತಿ ಎಂದೆ ನಾನು. ಎದ್ದು ಉಪ್ಪಿನ ಡಬ್ಬಿ ತಂದು ಅವರ ಮುಂದಿಟ್ಟೆ.