ಒಂದು ಬಟ್ಟೆಗೆ ಒಂದೇ ಸಲ

ಓಯ್ರಿಕ್ ಸೋಮವಾರ ಬೆಳಿಗ್ಗೆ ತೀರಿಕೊಂಡಳು. ಸುದ್ದಿ ಬಂದಾಗ ಗೆಳತಿ ಮಾರ್ಸಲಿಯ ಮನೆಯ ಒಲೆಯ ಮೇಲಿನ ಹಗ್ಗದಲ್ಲಿ ಓಯ್ರಿಕ್‌ಳ ಶಾಲು ಇನ್ನೂ ಪೂರ್ತಿ ಒಣಗಿರಲಿಲ್ಲ.

ಊಯಿಸ್ಟ್ ದ್ವೀಪದ ಆ ಊರಿನಲ್ಲಿ, ಮಗ್ಗದಿಂದ ಇಳಿದ ಉಣ್ಣೆ ಬಟ್ಟೆಯನ್ನು ನೆನೆಸಿ, ಉದ್ದನೆಯ ಹಲಗೆಯ ಸುತ್ತ ಕೂತು ಬಡಿದು ಗಟ್ಟಿ ಮಾಡುವಾಗ ಹೆಂಗಸರು ಹಾಡುತ್ತಿದ್ದರು. ಈಗ ಆ ಕೆಲಸ ಗಿರಣಿಯದು. ಹಾಡು ಉಳಿಯಲೆಂದು ಪ್ರತಿ ಶನಿವಾರ ಮಧ್ಯಾಹ್ನ ಊರ ಸಭಾಂಗಣದಲ್ಲಿ ಜನರೆದುರು ಬಡಿಯುತ್ತಾರೆ. ಒಬ್ಬಳು ನುಡಿ ಎತ್ತಿಕೊಟ್ಟರೆ ಉಳಿದವರು ‘ಹಿ ರೀ ಹೋ ರೋ’ ಎಂದು ಅರ್ಥವಿಲ್ಲದ ಪಲ್ಲವಿಯಲ್ಲಿ ಉತ್ತರಿಸಬೇಕು. ನಲವತ್ತು ವರ್ಷ ಎತ್ತಿಕೊಟ್ಟವಳು ಓಯ್ರಿಕ್. ಪಕ್ಕದಲ್ಲಿ ಕೂತು ಉತ್ತರಿಸಿದವಳು ಮಾರ್ಸಲಿ.

ನೇಮದಲ್ಲಿ ಓಯ್ರಿಕ್ ಬಲು ಬಿಗಿ. ಬಟ್ಟೆ ಕೈಯಿಂದ ಕೈಗೆ ಪ್ರದಕ್ಷಿಣವಾಗಿಯೇ ಸರಿಯಬೇಕು. ಒಮ್ಮೆ ಪ್ರವಾಸಿಯೊಬ್ಬ, "ಇನ್ನೊಂದ್ಸಲ ಅದನ್ನೇ ಹಾಡ್ತೀರಾ? ವಿಡಿಯೋ ಆಗ್ಲಿಲ್ಲ" ಎಂದ.

"ಒಂದು ಬಟ್ಟೆಗೆ ಒಂದು ಹಾಡು ಒಂದೇ ಸಲ. ಎರಡು ಸಲ ಹಾಡಿದ್ರೆ ತೊಟ್ಟವನಿಗೆ ಕೇಡು," ಎಂದಳು. "ಯಾವನೋ ಬಡಪಾಯಿ ಇದ್ರಲ್ಲಿ ಕೋಟು ಹೊಲಿಸ್ಕೋತಾನೆ. ನಿನ್ನ ಫೋನಿಗೋಸ್ಕರ ಅವನನ್ನ ಮುಳುಗಿಸ್ಲಾ?"

ಅವಳ ಅಜ್ಜಿಯಿಂದ ಬಂದ ಹಾಡೊಂದಿತ್ತು. ಕಡಲಲ್ಲಿ ಮುಳುಗಿದ ತಮ್ಮನಿಗಾಗಿ ಅಕ್ಕ ಅಳುವ ಒಂಬತ್ತು ನುಡಿ. ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ.

"ಕಲಿಯೇ, ಸೋಮಾರಿ! ನಾನು ಸತ್ಮೇಲೆ ಯಾರನ್ನ ಕೇಳ್ತೀಯ?" ಎಂದು ಮಾರ್ಸಲಿಯನ್ನು ಗದರುತ್ತಿದ್ದಳು.

"ನೀನೆಲ್ಲಿ ಸಾಯ್ತೀಯ ಮಾರಾಯ್ತಿ! ಸಾವು ಬಂದ್ರೂ ಬೈದು ಕಳಿಸ್ತೀಯ."

ಫೆಬ್ರವರಿಯಲ್ಲಿ ಓಯ್ರಿಕ್‌ಳಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಉಳಿದದ್ದು ಪಲ್ಲವಿಯೊಂದೇ. ಚಹಾ ಬೇಕೆಂದರೂ ‘ಹಿ ರೀ’, ಬೈದರೂ ‘ಹೋ ರೋ’.

ಮಾರ್ಸಲಿ ದಿನವೂ ಹಾಸಿಗೆಯ ಪಕ್ಕ ಕೂತು, ಕಿವಿಯಲ್ಲಿ ಉಳಿದಿದ್ದನ್ನೆಲ್ಲ ಹೆಕ್ಕಿ ಹಾಡಿದಳು. ನುಡಿ ಸರಿಯಾದರೆ ಓಯ್ರಿಕ್ ಪಲ್ಲವಿಯಲ್ಲಿ ಉತ್ತರಿಸುತ್ತಿದ್ದಳು. ತಪ್ಪಾದರೆ ಬಾಯಿ ಮುಚ್ಚಿಬಿಡುತ್ತಿದ್ದಳು. ಹಾಗೆ ಮೇ ತಿಂಗಳ ಹೊತ್ತಿಗೆ ಒಂಬತ್ತೂ ಕೂಡಿದವು.

ಸಾವಿಗೆ ಎರಡು ದಿನ ಮುಂಚಿನ ಆ ಶನಿವಾರ ಓಯ್ರಿಕ್‌ಳನ್ನು ಗಾಲಿಕುರ್ಚಿಯಲ್ಲಿ ಕರೆತಂದು ಹಲಗೆಯ ಪಕ್ಕ ಕೂರಿಸಿದರು. ಮೊದಲ ಸಲ ಮಾರ್ಸಲಿ ಎತ್ತಿಕೊಟ್ಟಳು. ತುಂಬಿದ ಸಭೆ ಕಂಡು ಅವಸರಿಸಿದಳು. ಅಲೆ ತಂದು ಹಾಕಿದ ಅಂಗಿಯಲ್ಲಿ ಅಕ್ಕ ತನ್ನದೇ ಹೆಣಿಗೆಯನ್ನು ಗುರುತಿಸುವ ಏಳನೆಯ ನುಡಿಯನ್ನೇ ಹಾರಿಸಿಬಿಟ್ಟಳು. ಓಯ್ರಿಕ್ ಬಾಯಿ ಮುಚ್ಚಿದಳು. ಉಳಿದವರು ಹಾಡು ಮುಗಿಸಿದರು, ಜನ ಚಪ್ಪಾಳೆ ತಟ್ಟಿದರು.

"ತಪ್ಪಾಯ್ತು ಕಣೇ," ಮಾರ್ಸಲಿ ಬಗ್ಗಿ ಪಿಸುಗುಟ್ಟಿದಳು. "ಮುಂದಿನ ವಾರ ಹೊಸ ಬಟ್ಟೆ ಬರುತ್ತಲ್ಲ, ಆಗ ಹಾಡ್ತೀನಿ."

ಓಯ್ರಿಕ್ ಆಗದೆಂದು ತಲೆಯಾಡಿಸಿದಳು. ಎಡಗೈಯಿಂದ ಹೆಗಲ ಶಾಲನ್ನು ಎಳೆದು, ಬಕೆಟ್ಟಿನ ನೀರಿಗೆ ಅದ್ದಿ, ಹಲಗೆಯ ಮೇಲೆ ಹಾಕಿ ಬಡಿದಳು.

"ಅಯ್ಯೋ, ಅದೊಂದೇ ಅವಳಿಗೆ ಬೆಚ್ಚಗಿರೋದು!" ಎಂದಳು ಎದುರಿಗೆ ಕೂತವಳು.

"ಸುಮ್ನಿರೇ," ಎಂದಳು ಮಾರ್ಸಲಿ. "ಬೇರೆ ಬಟ್ಟೆ ಅದು."

ತನ್ನ ಕೋಟನ್ನು ಗೆಳತಿಗೆ ಹೊದಿಸಿ ಮೊದಲಿನಿಂದ ಹಾಡಿದಳು. ಏಳನೆಯ ನುಡಿಯನ್ನು ಈ ಸಲ ಬಿಡದೆ ಎತ್ತಿಕೊಟ್ಟಳು. ಉಳಿದವರು ಬಾಯಿ ತೆರೆಯುವ ಮೊದಲೇ ಓಯ್ರಿಕ್ ಉತ್ತರಿಸಿದ್ದಳು. ಒಂಬತ್ತೂ ಮುಗಿದವು. ಸುತ್ತಿ ಬಂದ ಶಾಲು ತನ್ನ ಮುಂದೆ ನಿಂತಾಗ ಓಯ್ರಿಕ್ ಅದನ್ನು ಹೊದೆಯಲಿಲ್ಲ. ಒದ್ದೆ ಶಾಲನ್ನು ಎಡಗೈಯಲ್ಲಿ, ಪ್ರದಕ್ಷಿಣವಾಗಿಯೇ, ಮಾರ್ಸಲಿಯ ಮಡಿಲಿಗೆ ತಳ್ಳಿದಳು.