ಅವ್ವನ ಸೋಬಾನೆ ಪದದ ಆವಾಜು

ನಮ್ಮ ಭಾವನವರಿಗೆ ಸಂಗೀತವೆಂದರೆ ಆವಾಜು, ಅಷ್ಟೇ. ಕಿವಿ ಗಡಚಿಕ್ಕಿದರೆ ಒಳ್ಳೆಯ ಹಾಡು, ಇಲ್ಲದಿದ್ದರೆ ದಂಡ. ಮಾನ್ವಿಯಲ್ಲಿ ಅವರದು ಅಕ್ಕಿ ಗಿರಣಿ. ದಿನವಿಡೀ ಆ ಗದ್ದಲದಲ್ಲಿ ಕೂತವರ ಕಿವಿಯ ಮೇಲೆ ನನಗೆ ಎಂದೂ ನಂಬಿಕೆ ಇರಲಿಲ್ಲ. ತಲೆಯ ಮೇಲಂತೂ ಮೊದಲೇ ಇರಲಿಲ್ಲ.

ಅವರ ಮಗಳ ಅರಿಷಿಣದ ದಿನ ನಾನು ರಾಯಚೂರಿನಿಂದ ಪೆನ್‌ಡ್ರೈವ್ ಹಿಡಿದುಕೊಂಡು ಹೋಗಿದ್ದೆ. ಅದರಲ್ಲಿ ಅವ್ವನ ಸೋಬಾನೆ ಪದವಿತ್ತು. ನಮ್ಮ ಮನೆಯ ಅರಿಷಿಣದಲ್ಲಿ ಮೊದಲ ಪದ ಹಿರಿಯಳದೇ ಆಗಬೇಕು, ಅದು ಮುಗಿಯುವವರೆಗೆ ಯಾರೂ ಅರಿಷಿಣದ ಬಟ್ಟಲು ಮುಟ್ಟುವಂತಿಲ್ಲ. ಅವ್ವ ತೀರಿಕೊಂಡಿದ್ದಳು. ಆದರೂ ಮೊಮ್ಮಗಳಿಗೆ ಅವಳೇ ಹಾಡಬೇಕೆಂದು ಅಕ್ಕ ಹಟ ಹಿಡಿದಿದ್ದಳು. ಹಿಂದೊಮ್ಮೆ ದೇವದುರ್ಗದ ಅವ್ವನ ಮನೆಗೆ ಹೋದಾಗ ನಾನು ಫೋನಿನಲ್ಲಿ ಹಿಡಿದಿಟ್ಟ ಪದ ಅದೊಂದೇ ಉಳಿದಿತ್ತು.

ಗಿರಣಿಯ ಕಂಪ್ಯೂಟರನ್ನು ಅಂಗಳಕ್ಕೆ ತಂದು ಸ್ಪೀಕರಿಗೆ ಜೋಡಿಸಿದ್ದರು. ಅದರಲ್ಲಿ ನನ್ನ ಮೆಚ್ಚಿನ ಪ್ಲೇಯರ್ ಸಾಫ್ಟ್‌ವೇರ್ ಹಾಕಿ, ಹಾಡು ಶುರುವಾಗುವ ಜಾಗಕ್ಕೆ ದಾಟಿಸಿ ಕೇಳಿಸಿದೆ. ನಾನು ಯಾವಾಗಲೂ ಹಾಗೆಯೇ ಕೇಳುತ್ತಿದ್ದೆ, ಮೊದಲಿನ ಮಾತುಕತೆ ಯಾರಿಗೆ ಬೇಕು? ಅವ್ವನ ದನಿ ಸಣ್ಣಗೆ ಬಂತು.

"ಏನಪಾ ಇದು, ನಿನ್ನ ಪ್ಲೇಯರಿಗೆ ಉಸುರೇ ಇಲ್ಲ," ಎಂದರು ಭಾವ. "ನಂದರಾಗ ಹಾಕು. ಅದರಾಗ ಆವಾಜು ನೂರರ ಮ್ಯಾಲ ಇನ್ನೂ ನೂರು ಅದ."

ಮೈಕ್‌ಸೆಟ್ಟಿನವನು ತಲೆಯಾಡಿಸಿದ. "ಹೌದ್ರಿ ಸಾಹುಕಾರ್ರ, ನಿಮ್ಮದ ಛಲೋ ಅದರಿ."

ಇಬ್ಬರು ಪಂಡಿತರು ಸಿಕ್ಕರಲ್ಲ, ನನಗೆ ಹುರುಪು ಬಂತು. ನಿಂತಲ್ಲೇ ಪಾಠ ಶುರು ಮಾಡಿದೆ. ಹಾಡು ಅದೇ, ಯಂತ್ರ ಅದೇ. ಆವಾಜು ಬೇರೆ ಬೇರೆ ಬರುವುದು ಒಂದೊಂದು ಪ್ಲೇಯರಿನ ಲೆಕ್ಕ ಒಂದೊಂದು ಇರುವುದರಿಂದ. ನಿಮ್ಮದು ಇದ್ದದ್ದನ್ನೇ ಹಿಗ್ಗಿಸುತ್ತದೆ, ಸಾರಿಗೆ ನೀರು ಸುರಿದು ಸಾರು ಹೆಚ್ಚಾಯಿತು ಅಂದ ಹಾಗೆ. ಮಿತಿ ದಾಟಿದರೆ ದನಿ ಒಡೆಯುತ್ತದೆ. ನನ್ನದಕ್ಕೆ ಮರ್ಯಾದೆ ಗೊತ್ತು. ಇಡೀ ರೆಕಾರ್ಡಿಂಗಿನ ಒಳಗಿನ ಎಲ್ಲಕ್ಕಿಂತ ದೊಡ್ಡ ದನಿ ಯಾವುದೆಂದು ಮೊದಲು ನೋಡುತ್ತದೆ, ಅದು ಒಡೆಯದಷ್ಟೇ ಎಲ್ಲವನ್ನೂ ಏರಿಸುತ್ತದೆ. ಆ ದನಿ ಮೊದಲೇ ಮಿತಿ ಮುಟ್ಟಿದ್ದರೆ ಉಳಿದದ್ದು ಎಷ್ಟೇ ಸಣ್ಣಗಿದ್ದರೂ ಹಾಗೇ ಬಿಡುತ್ತದೆ.

"ಹಂಗಂದ್ರ ಇದರಾಗ ದೊಡ್ಡ ದನಿ ಯಾರದು?" ಎಂದು ಭಾವ ಕೇಳಿದರು.

ಇಂಥ ಪ್ರಶ್ನೆಗೆ ಉತ್ತರ ಕೊಡುವುದೂ ನನಗೆ ಅವಮಾನವೆನಿಸಿತು. "ನಿಮಗ ತಿಳಿಯಂಗಿಲ್ಲ ಬಿಡ್ರಿ," ಎಂದು ಚಹಾ ಕುಡಿಯಲು ಒಳಗೆ ಹೋದೆ.

ನಾನು ಚಹಾ ಹಿಡಿದು ಹೊರಗೆ ಬರುವಷ್ಟರಲ್ಲಿ ಅವರು ತಮ್ಮ ಪ್ಲೇಯರನ್ನೇ ಹಾಕಿದ್ದರು. ದಾಟಿಸುವುದು ಅವರಿಗೆ ಗೊತ್ತಿಲ್ಲ, ಮೊದಲಿನಿಂದ ಬಿಟ್ಟರು. ಹೆಂಗಸರೆಲ್ಲ ಬಟ್ಟಲು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದರು.

ಸ್ಪೀಕರಿನಲ್ಲಿ ದೂರದಿಂದೆಂಬಂತೆ ಅವ್ವ ಅಂದಳು: "ತಮ್ಮಾ, ಸನೇಕ ಬಾರಪಾ, ನನ್ನ ಹತ್ರ ಕುಂದ್ರು. ದನಿ ಏಳವಲ್ದು."

ಆಮೇಲೆ ಒಂದು ಗಂಡು ದನಿ ಸ್ಪೀಕರ್ ಹರಿಯುವಂತೆ ಒದರಿತು: "ಅಲ್ಲಿಂದನ ಹಾಡಬೇ! ಎಲ್ಲಾ ಹಿಡೀತದ. ಲಗೂ ಮುಗಸು, ನನಗ ಬಸ್ಸಿಗೆ ಹೊತ್ತಾತು."

ಬೇಸರ, ಉಡಾಫೆ, ಎಲ್ಲ ತಿಳಿದವನೆಂಬ ಸೊಕ್ಕು, ಒಂದೂ ಬಿಡದೆ ಅಂಗಳದ ತುಂಬ ಬಿತ್ತು. ಆ ದನಿ ಯಾರದೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಅದರ ಹಿಂದೆ ಅವ್ವನ ಪದ ಸಣ್ಣಗೆ ಶುರುವಾಯಿತು.

ಹೆಂಗಸರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಭಾವ ಸ್ಪೀಕರನ್ನು ಎತ್ತಿ ತಂದು ಅಕ್ಕನ ಮಗ್ಗುಲಿಗೆ ಇಟ್ಟರು. ಅಷ್ಟು ಸರಳ ಉಪಾಯ ನನಗೆ ಹೊಳೆದಿರಲಿಲ್ಲ. ಅಕ್ಕ ಅದಕ್ಕೆ ಕಿವಿ ಹಚ್ಚಿ ಪದ ಮುಗಿಯುವವರೆಗೂ ಕೇಳಿದಳು, ಮಗಳ ಕೆನ್ನೆಗೆ ಅರಿಷಿಣ ಹಚ್ಚಿದಳು, ಆಮೇಲೆ ನನ್ನ ಕಡೆ ತಿರುಗಿದಳು.

"ಸನೇಕ ಬಾ ಅಂದ್ಲಲ್ಲೋ ಆಕಿ. ನೀ ಹೋಗಲಿಲ್ಲೇನು?"

ಹೋಗಿರಲಿಲ್ಲ. ಬೂಟು ಬಿಚ್ಚಬೇಕಾಗುತ್ತದೆಂದು ಬಾಗಿಲಲ್ಲೇ ನಿಂತಿದ್ದೆ. ಅಲ್ಲಿಂದ ಅವ್ವ ಮಲಗಿದ್ದ ಹೊರಸಿಗೆ ಐದು ಹೆಜ್ಜೆ.