ಹಿಂದಕ್ಕೆ ನಡೆದು ಲೆಕ್ಕ ಹೇಳಿಕೊಟ್ಟ ಮೇಷ್ಟ್ರು

ಪುಟ್ಟಸ್ವಾಮಿ ಮೇಷ್ಟ್ರು ನಮ್ಮ ಅಂಗಳದಲ್ಲಿ ಹಿಂದಹಿಂದಕ್ಕೆ ನಡೆಯುವುದನ್ನು ಮೊದಲ ಸಲ ಕಂಡಾಗ, ಇವರಿಗೆ ಗಾಳಿ ಸೋಕಿದೆ ಅಂದುಕೊಂಡೆ. ಬಿರಬಿರನೆ ಮುಂದೆ ಬರುವುದು, ಕಂಬದ ಹಾಗೆ ನಿಲ್ಲುವುದು, ಆಮೇಲೆ ಹಿಂದಕ್ಕೆ. ಪಾಠಕ್ಕೆ ಬಂದ ಮಕ್ಕಳು ಅದನ್ನೇ ನೋಡಿ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದವು. ಅದಕ್ಕೆ ಗ್ರಾಫು ಅಂತ ಹೆಸರು.

ಕೆರಗೋಡಿನ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು, ನಮ್ಮ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಶರಟಿನ ಗುಂಡಿ ಒಂದೂ ಸರಿಯಾದ ತೂತಿನಲ್ಲಿ ಇರುತ್ತಿರಲಿಲ್ಲ. ಏನು ಹೇಳಿದರೂ "ಯಾಕಂತೆ?" ಅನ್ನುವುದು. ಸಾರು ಉಪ್ಪಾಯಿತು ಅಂದರೂ "ಯಾಕಂತೆ?"

ನನ್ನ ಮೊಮ್ಮಗಳು ಸವಿತಾ ಹತ್ತನೇ ಕ್ಲಾಸಿನಲ್ಲಿ ಲೆಕ್ಕ ಒಂದರಲ್ಲೇ ಫೇಲಾಗಿದ್ದಳು. ಮರುಪರೀಕ್ಷೆಯಲ್ಲೂ ಹೋದರೆ ಮದ್ದೂರಿನ ಗಾರ್ಮೆಂಟ್ಸ್ ವ್ಯಾನು ಹತ್ತಿಸುತ್ತೇನೆ ಅಂದಿದ್ದ ನನ್ನ ಮಗ. ಹುಡುಗಿ ಹೆದರಿ ಗೈಡು ಬಾಯಿಪಾಠ ಮಾಡುತ್ತಿದ್ದಳು. ಮೇಷ್ಟ್ರು ಅದನ್ನು ಕಿತ್ತುಕೊಂಡು ಅಟ್ಟಕ್ಕೆ ಎಸೆದರು. ನಾನು ಜಗಳಕ್ಕೇ ಹೋದೆ.

"ಮೊದ್ಲು ಉತ್ತರ ಏಳ್ಕೊಡಿ ಮೇಷ್ಟ್ರೆ, ಕುಣಿಯೋದು ಆಮೇಲೆ."

"ನಾ ಏಳುದ್ರೆ ಅದು ನನ್ನ ಉತ್ತರ ಆಯ್ತದೆ ಕಣಮ್ಮ. ಪರೀಕ್ಸೆ ಬರೆಯೋದು ನಾನಾ?"

ಒಂದು ಸಂಜೆ ನಾನು ಮಂಡ್ಯಕ್ಕೆ ಹೋಗಿಬಂದದ್ದೇ ಲೆಕ್ಕವಾಯಿತು. ಅಡ್ಡಗೆರೆಗೆ ಹೊತ್ತು, ನಿಂತ ಗೆರೆಗೆ ದೂರ. ಸವಿತಾ ಗೋಡೆ ಕಟ್ಟಿದ ಹಾಗೆ ನೆಟ್ಟಗೆ ಮೇಲಕ್ಕೆ ಎಳೆದಳು. ಬಸ್ಸು ಜೋರಾಗಿ ಹೋಯಿತಂತೆ.

"ಅಂಗಾರೆ ಒಂದೇ ಗಳಿಗೇಲಿ ನಿಮ್ಮಜ್ಜಿ ಕೆರಗೋಡಲ್ಲೂ ಅವ್ರೆ, ಮಂಡ್ಯದಲ್ಲೂ ಅವ್ರೆ. ಅಜ್ಜಿನಾ, ದೇವ್ರಾ? ಒಂದೊತ್ತಿಗೆ ಒಂದೇ ಜಾಗ ಕಣವ್ವ."

ಹುಡುಗಿ ಕಿಸಕ್ಕನೆ ನಕ್ಕು, ಗೆರೆ ಒರೆಸಿ, ಓರೆಯಾಗಿ ಎಳೆದಳು. ನಡುವೆ ಒಂದು ತುಂಡು ಅಡ್ಡ ಮಲಗಿಸಿದಳು.

"ಇದ್ಯಾಕಂತೆ?"

"ಅಜ್ಜಿ ಕಂಡಕ್ಟರ್ ಜೊತೆ ಜಗಳಕ್ಕೆ ಬಿದ್ದು ಬಸ್ಸು ನಿಲ್ಲುಸ್ಬುಟ್ಟಿತ್ತು ಸಾ. ಒತ್ತು ಓಯ್ತಿತ್ತು, ಬಸ್ಸು ಓಯ್ತಿರ್ನಿಲ್ಲ."

"ಲೇ, ಬೀದೀಲಿ ನನ್ನ ಮಾನ ಕಳೀಬ್ಯಾಡ ಕಣೇ!" ಅಂದೆ. ಮೇಷ್ಟ್ರು ಚಪ್ಪಾಳೆ ಹೊಡೆಯುತ್ತಿದ್ದರು. ಅವಳು ತಾನಾಗಿ ಯೋಚಿಸಿ ಹೇಳಿದ ಮೊದಲನೇ ಮಾತು ಅದು.

ಮರುಪರೀಕ್ಷೆಯಲ್ಲಿ ಪಾಸಾದಳು. ಅಷ್ಟರಲ್ಲಿ ಮೇಷ್ಟ್ರಿಗೆ ಮಳವಳ್ಳಿ ಕಡೆಗೆ ವರ್ಗ. ಅವರು ಹೊರಟ ದಿನ ನಾವಿಬ್ಬರೂ ಬಸ್‌ಸ್ಟ್ಯಾಂಡಿಗೆ ಹೋಗಿ ವಿಷಯ ಹೇಳಿದರೆ ಮಾರ್ಕ್ಸು ಎಷ್ಟು ಅಂತ ಕೇಳಲಿಲ್ಲ, ಗ್ರಾಫಿನ ಪ್ರಶ್ನೆ ಏನಾಯಿತು ಅಂದರು.

"ಮೊದ್ಲು ತಪ್ಪು ಎಳುದ್ಬುಟ್ಟಿದ್ದೆ ಸಾ. ಆಮೇಲೆ ಯಾಕೋ ಅನುಮಾನ ಬಂತು, ನಾನೇ ತಿದ್ದುದೆ."

"ಅಷ್ಟೇ ಕಣವ್ವ ಬೇಕಾಗಿದ್ದು. ಇನ್ನು ನನ್ಗೆ ಇಲ್ಲೇನು ಕೆಲ್ಸ" ಅಂತ ಬಸ್ಸು ಹತ್ತಿದರು. ವರ್ಗ ಮಾಡಿದ್ದು ಸರ್ಕಾರ, ಜಂಬ ಇವರಿಗೆ.

ಸವಿತಾ ಅತ್ತಳು. ನನಗೆ ಅಳಲು ಪುರಸೊತ್ತಿರಲಿಲ್ಲ. ಪಾಸಾದದ್ದು ಸಾಕು, ಕಾಲೇಜು ಬೇಡ ಅಂತ ಮಗ ಬೆಳಗ್ಗೆಯೇ ರಾಗ ತೆಗೆದಿದ್ದ. ಅಜ್ಜಿ ಮೊಮ್ಮಗಳು ಬೇಗ ಬೇಗ ಮನೆ ಕಡೆ ಹೆಜ್ಜೆ ಹಾಕಿದೆವು, ಅವನ ಜೊತೆ ವಾದಕ್ಕೆ.